ರೊಟ್ಟಿ ಬಡಿಯುವವರನ್ನು ಕೇಳಿದಿರಾ?

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ಉಳಿತಾಯ, ಆಂತರಿಕ ಸಾಲ, ಲೆಕ್ಕಪುಸ್ತಕ ಇವುಗಳ ಬಗ್ಗೆ ನಾವು ಬಹಳ ಸಲ ಕೂತು ಮಾತಾಡಿದ್ದೇವೆ. ಈಗ ನಮ್ಮ ಅನೇಕ ಸಂಘಗಳು ಉಳಿತಾಯ ದಾಟಿ ಮುಂದೆ ಹೋಗಿವೆ. ಕೆಲವರು ರೊಟ್ಟಿ ಮಾಡಿ ಮಾರುತ್ತಾರೆ, ಕೆಲವರು ಹಪ್ಪಳ, ಶ್ಯಾವಿಗೆ, ಚಟ್ನಿಪುಡಿ. ಕೆಲವರು ಹೊಲಿಗೆ ಮಷಿನ್ ಇಟ್ಟಿದ್ದಾರೆ, ಕೆಲವರು ಕ್ಯಾಂಟೀನು ನಡೆಸುತ್ತಾರೆ. ಇದು ಸಂತೋಷದ ವಿಷಯ.

ಆದರೆ ಉದ್ಯೋಗ ಶುರುವಾದ ಕೂಡಲೇ ಒಂದು ಹೊಸ ಪ್ರಶ್ನೆ ಬರುತ್ತದೆ. ಇಲ್ಲಿ ತೀರ್ಮಾನ ಮಾಡುವವರು ಯಾರು? ಕೈ ಕೆಸರು ಮಾಡಿಕೊಂಡು ಕೆಲಸ ಮಾಡುವವರನ್ನು ಯಾರಾದರೂ ಕೇಳುತ್ತಾರಾ? ಸಾಲ ಕೊಡುವಾಗ ಹದಿನೈದು ಜನ ಸುತ್ತ ಕೂತು ಮಾತಾಡುವ ನಾವು, ಘಟಕದ ವಿಷಯ ಬಂದಾಗ ಇಬ್ಬರು ಪ್ರತಿನಿಧಿಗಳಿಗೆ ಬಿಟ್ಟು ಸುಮ್ಮನಾಗುತ್ತೇವೆ. ಈ ಪಾಠದಲ್ಲಿ ಅದನ್ನೇ ಯೋಚಿಸೋಣ.

ಒಂದು ಘಟಕದಲ್ಲಿ ನಡೆದದ್ದು

ನಾವು ಓಡಾಡುವ ಹಳ್ಳಿಗಳಲ್ಲಿ ಒಂದು ಸಂಘ ಜೋಳದ ಖಡಕ್ ರೊಟ್ಟಿ ಮಾಡಿ ಪೇಟೆಯ ಖಾನಾವಳಿಗಳಿಗೆ ಕೊಡುತ್ತಿತ್ತು. ಘಟಕದಲ್ಲಿ ಒಂಬತ್ತು ಜನ ಕೆಲಸ ಮಾಡುತ್ತಿದ್ದರು. ಐದು ಜನ ಸಂಘದ ಸದಸ್ಯೆಯರು, ಉಳಿದ ನಾಲ್ಕು ಜನ ಹೊರಗಿನವರು. ಹೊರಗಿನವರಿಗೆ ನೂರು ರೊಟ್ಟಿಗೆ ಇಷ್ಟು ಅಂತ ಕೂಲಿ.

ಆರ್ಡರು ಹೆಚ್ಚಾಯಿತು. ರೊಟ್ಟಿ ಒತ್ತುವ ಮಷಿನ್ ತರೋಣ ಅಂತ ಸಂಘದ ಇಬ್ಬರು ಪ್ರತಿನಿಧಿಗಳು ನಮ್ಮ ಹತ್ತಿರ ಬಂದರು. ನಾವೂ ಉತ್ಸಾಹದಿಂದ ಓಡಾಡಿದೆವು. ಕೊಟೇಶನ್ ತರಿಸಿದೆವು, ಬ್ಯಾಂಕಿಗೆ ಅರ್ಜಿ ಬರೆದುಕೊಟ್ಟೆವು. ಸಾಲ ಬಂತು, ಮಷಿನ್ ಬಂತು, ಪೂಜೆ ಪ್ರಾರ್ಥನೆ ಎರಡೂ ಆಯಿತು, ಫೋಟೋ ತೆಗೆದೆವು.

ಎರಡು ವಾರದಲ್ಲಿ ತೊಂದರೆ ಶುರುವಾಯಿತು. ಮಷಿನ್‌ನಲ್ಲಿ ಒತ್ತಿದ ರೊಟ್ಟಿ ಅಂಚಿನಲ್ಲಿ ಹರಿಯುತ್ತಿತ್ತು. ಖಾನಾವಳಿಯವರು ಒಡೆದ ರೊಟ್ಟಿ ವಾಪಸ್ ಕಳಿಸಿದರು. ಬೆಳಿಗ್ಗೆ ರೊಟ್ಟಿ ಬೇಕು ಅನ್ನುವ ಹೊತ್ತಿಗೆ ಕರೆಂಟ್ ಇರುತ್ತಿರಲಿಲ್ಲ. ಇದರ ಮೇಲೆ, ಮಷಿನ್ ಬಂದಿದೆಯಲ್ಲ, ಇನ್ನು ಕೆಲಸ ಸುಲಭ ಅಂತ ಪ್ರತಿನಿಧಿಗಳು ನೂರು ರೊಟ್ಟಿಯ ಕೂಲಿ ಇಳಿಸಿದರು. ಹೊರಗಿನ ನಾಲ್ಕು ಜನ ಒಂದೇ ವಾರದಲ್ಲಿ ಕೆಲಸ ಬಿಟ್ಟರು. ಬ್ಯಾಂಕಿನ ಕಂತು ಮಾತ್ರ ಯಾರಿಗೂ ಕಾಯಲಿಲ್ಲ.

ಕೊನೆಗೆ ಎಲ್ಲರನ್ನೂ ಕರೆದು ಸಭೆ ಮಾಡಿದೆವು. ಕೆಲಸ ಬಿಟ್ಟವರ ಮನೆಗೂ ಹೋಗಿ ಬರಹೇಳಿದೆವು. ಹಿಟ್ಟು ನಾದುವ ಒಬ್ಬ ಹಿರಿಯ ತಾಯಿ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ನೀವೇನು ಹೇಳ್ತೀರಿ ಅಂತ ಕೇಳಿದಾಗ ಹೇಳಿದರು:

"ನಮ್ಮನ್ನ ಯಾರೂ ಕೇಳಲಿಲ್ರಿ ಅಕ್ಕಾರ. ಕೇಳಿದ್ರ ಹೇಳತಿದ್ವಿ. ಮಷಿನ್ ಬಂದ ಮ್ಯಾಲೆ ಹದಿನೈದು ದಿನಕ್ಕಾಗೋವಷ್ಟು ಹಿಟ್ಟು ಒಮ್ಮೆಲೆ ಬೀಸಿ ಇಡಾಕತ್ತೀರಿ. ಹಿಟ್ಟು ಹಳೇದಾದ್ರ ಜಿಗಿ ಹೋಗತೈತಿ. ಜಿಗಿ ಇಲ್ಲದ ಹಿಟ್ಟು ಕೈಲೆ ಬಡದ್ರೂ ಹರಿತೈತಿ, ಮಷಿನ್ಯಾಗ ಇಟ್ರೂ ಹರಿತೈತಿ."

ಇನ್ನೊಬ್ಬಾಕೆ ಹೇಳಿದಳು, "ನಸುಕಿನಾಗ ಕರೆಂಟ್ ಇರಂಗಿಲ್ಲಂತ ನಮ್ಮ ಓಣ್ಯಾಗ ಸಣ್ಣ ಹುಡುಗರಿಗೂ ಗೊತ್ತೈತಿ."

ಆ ಮಾತು ಕೇಳಿ ನಾವು ತಲೆ ತಗ್ಗಿಸಬೇಕಾಯಿತು. ತಪ್ಪು ಪ್ರತಿನಿಧಿಗಳದ್ದು ಮಾತ್ರ ಅಲ್ಲ, ನಮ್ಮದೂ ಹೌದು. ನಾವು ಕೊಟೇಶನ್ ನೋಡಿದೆವು, ಒಲೆಯ ಮುಂದೆ ಕೂತವರನ್ನು ನೋಡಲಿಲ್ಲ.

ಆ ದಿನ ಎಲ್ಲರೂ ಸೇರಿ ನಾಲ್ಕು ತೀರ್ಮಾನ ಮಾಡಿದರು. ಹಿಟ್ಟನ್ನು ಎರಡು ದಿನಕ್ಕೊಮ್ಮೆ ಬೀಸಿಸುವುದು. ದಿನದ ರೊಟ್ಟಿ ಕೈಯಲ್ಲೇ ಬಡಿಯುವುದು, ಮದುವೆಯಂಥ ದೊಡ್ಡ ಆರ್ಡರಿಗೆ ಮಾತ್ರ ಕರೆಂಟ್ ಇರುವ ಹೊತ್ತಿನಲ್ಲಿ ಮಷಿನ್ ಬಳಸುವುದು. ಕೂಲಿ ಮೊದಲಿನಷ್ಟೇ ಕೊಡುವುದು. ಸೋಮವಾರದ ಸಭೆಗೆ ಹೊರಗಿನ ಕೆಲಸಗಾರರ ಪರವಾಗಿ, ಅವರೇ ಆರಿಸಿದ ಒಬ್ಬರು ಬರುವುದು. ನಂತರ ಎಲ್ಲವೂ ಒಂದೇ ದಿನದಲ್ಲಿ ಸರಿಹೋಯಿತು ಅಂತ ನಾವು ಹೇಳುವುದಿಲ್ಲ. ಮೂರು ತಿಂಗಳ ಕಂತು ತಡವಾಯಿತು. ಕೆಲಸ ಬಿಟ್ಟ ನಾಲ್ವರಲ್ಲಿ ಮೂವರು ಬಂದರು, ಒಬ್ಬರು ಬರಲೇ ಇಲ್ಲ. ಆದರೆ ಘಟಕ ಉಳಿಯಿತು.

ಪಾಲ್ಗೊಳ್ಳುವುದು ಎಂದರೇನು?

ಕೆಲವರು ಕೇಳುತ್ತಾರೆ, "ಎಲ್ಲಾದಕ್ಕೂ ಎಲ್ಲರನ್ನೂ ಕೇಳ್ತಾ ಕೂತರೆ ಕೆಲಸ ಆಗೋದು ಯಾವಾಗ?" ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಪಾಲ್ಗೊಳ್ಳುವುದರಲ್ಲಿ ನಾಲ್ಕು ಮೆಟ್ಟಿಲು ಇವೆ. ಯಾವ ವಿಷಯಕ್ಕೆ ಯಾವ ಮೆಟ್ಟಿಲು ಅಂತ ತಿಳಿದುಕೊಂಡರೆ ಗೊಂದಲ ಇರುವುದಿಲ್ಲ.

1. ತಿಳಿಸುವುದು: ಎಷ್ಟು ಆರ್ಡರು ಬಂತು, ಎಷ್ಟು ಮಾರಾಟ ಆಯಿತು, ಎಷ್ಟು ಸಾಲ ಉಳಿದಿದೆ ಎಂದು ಕೆಲಸ ಮಾಡುವ ಎಲ್ಲರಿಗೂ ಹೇಳುವುದು. ಇದು ಮೊದಲ ಮೆಟ್ಟಿಲು. ಲೆಕ್ಕ ಗೊತ್ತಿಲ್ಲದವರ ಹತ್ತಿರ ಅಭಿಪ್ರಾಯ ಕೇಳಿ ಪ್ರಯೋಜನ ಇಲ್ಲ.

2. ಕೇಳುವುದು: ತೀರ್ಮಾನ ಮಾಡುವ ಮೊದಲು ಅವರ ಅನುಭವ ಕೇಳುವುದು. ಮಾಡಿದ ಮೇಲೆ ಕೇಳುವುದು ಕೇಳಿದಂತೆ ಅಲ್ಲ, ಅದು ಸುದ್ದಿ ಮುಟ್ಟಿಸಿದಂತೆ.

3. ಒಟ್ಟಿಗೆ ತೀರ್ಮಾನಿಸುವುದು: ಕೂಲಿ, ಕೆಲಸದ ಸಮಯ, ಹೊಸ ಮಷಿನ್, ದೊಡ್ಡ ಸಾಲ, ಲಾಭ ಹಂಚುವುದು ಮುಂತಾದವನ್ನು ಎಲ್ಲರೂ ಕೂತು ಮಾಡುವುದು.

4. ವಹಿಸಿಕೊಡುವುದು: ಯಾರು ಮೊದಲು ಒಲೆ ಹಚ್ಚಬೇಕು, ರಜೆ ಬಂದರೆ ಯಾರ ಬದಲು ಯಾರು, ಇಂಥವನ್ನು ಕೆಲಸ ಮಾಡುವವರಿಗೇ ಬಿಟ್ಟುಕೊಡುವುದು. ಇದರಲ್ಲಿ ಪ್ರತಿನಿಧಿಗಳು ತಲೆ ಹಾಕಬಾರದು.

ದಿನದ ಸಣ್ಣ ವಿಷಯಕ್ಕೆ ಸಭೆ ಬೇಕಾಗಿಲ್ಲ. ಅಂಗಡಿಯಲ್ಲಿ ಎಣ್ಣೆ ತರಲು ಹೋದವರು ಬೆಲೆ ಏರಿದೆ ಅಂತ ವಾಪಸ್ ಬಂದು ಠರಾವು ಬರೆಸಬೇಕಾ? ಬೇಡ. ಆದರೆ ಹತ್ತು ಜನರ ಹೊಟ್ಟೆಗೆ ಸಂಬಂಧಪಟ್ಟ ವಿಷಯವನ್ನು ಇಬ್ಬರೇ ಮುಗಿಸಬಾರದು.

ಕೇಳಿದರೆ ಏನು ಲಾಭ?

ಮೊದಲನೆಯದು, ಕೆಲಸದ ಜ್ಞಾನ ಕೆಲಸ ಮಾಡುವವರ ಕೈಯಲ್ಲಿ ಇರುತ್ತದೆ. ಹಿಟ್ಟಿನ ಜಿಗಿ, ಒಲೆಯ ಉರಿ, ದಾರ ಎಲ್ಲಿ ತುಂಡಾಗುತ್ತದೆ, ಯಾವ ಗಿರಾಕಿ ಬಾಕಿ ಉಳಿಸುತ್ತಾರೆ ಎಂಬುದೆಲ್ಲಾ ಪುಸ್ತಕದಲ್ಲಿ ಸಿಗುವುದಿಲ್ಲ.

ಎರಡನೆಯದು, ತಾನೂ ಸೇರಿ ಮಾಡಿದ ತೀರ್ಮಾನವನ್ನು ಮನುಷ್ಯರು ನಡೆಸಿಕೊಡುತ್ತಾರೆ. ಮೇಲಿನಿಂದ ಬಂದದ್ದಕ್ಕೆ ಎದುರಿಗೆ ಹೂಂ ಅಂತಾರೆ, ಹಿಂದೆ ಗೊಣಗುತ್ತಾರೆ. ಆಮೇಲೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಆಗುತ್ತದೆ.

ಮೂರನೆಯದು, ಅನುಮಾನ ಕಡಿಮೆಯಾಗುತ್ತದೆ. ಎಷ್ಟೋ ಸಂಘಗಳು ಒಡೆದದ್ದು ಕಳ್ಳತನದಿಂದಲ್ಲ, ಕಳ್ಳತನ ಆಗಿದೆ ಎಂಬ ಅನುಮಾನದಿಂದ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಮನೆಯಲ್ಲಿ ನಮ್ಮನ್ನು ಕೇಳದೆ ಹೊಲ ಮಾರುತ್ತಾರೆ, ಮಗಳ ಮದುವೆ ನಿಶ್ಚಯ ಮಾಡುತ್ತಾರೆ ಅಂತ ನಾವು ಸಭೆಯಲ್ಲಿ ಕಣ್ಣೀರು ಹಾಕಿದ್ದೇವೆ. ಅದೇ ನೋವನ್ನು ನಮ್ಮ ಘಟಕದಲ್ಲಿ ಇನ್ನೊಬ್ಬ ಹೆಣ್ಣುಮಗಳಿಗೆ ನಾವು ಕೊಡಬಹುದಾ?

ಮಾಡಿ ತೋರಿಸಿದವರು

ಲಿಜ್ಜತ್ ಹಪ್ಪಳದ ಹೆಸರು ನೀವು ಕೇಳಿರುತ್ತೀರಿ. 1959ರ ಮಾರ್ಚ್ 15ರಂದು ಮುಂಬೈನ ಗಿರಗಾಂವ್‌ನಲ್ಲಿ ಏಳು ಜನ ಹೆಣ್ಣುಮಕ್ಕಳು 80 ರೂಪಾಯಿ ಸಾಲ ತಂದು, ಕಟ್ಟಡದ ತಾರಸಿಯ ಮೇಲೆ ಹಪ್ಪಳ ಲಟ್ಟಿಸಲು ಕೂತರು. ಮೊದಲ ದಿನ ಮಾಡಿದ್ದು ನಾಲ್ಕು ಪ್ಯಾಕೆಟ್. ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಲ್ಲಿಸಬೇಕಾಯಿತು. ಮರುವರ್ಷ ಅವರು ಒಂದು ಮಂಚ, ಒಂದು ಸ್ಟೌ ಕೊಂಡರು. ಹಪ್ಪಳ ಮಂಚದ ಮೇಲೆ, ಸ್ಟೌ ಮಂಚದ ಕೆಳಗೆ. ಮಳೆಗಾಲದಲ್ಲೂ ಕೆಲಸ ನಡೆಯಿತು. ದೊಡ್ಡ ಯಂತ್ರ ಬೇಕಾಗಲಿಲ್ಲ ನೋಡಿ.

ಇಂದು ಸುಮಾರು 45 ಸಾವಿರ ಮಹಿಳೆಯರು ಅದರಲ್ಲಿದ್ದಾರೆ. ಅಲ್ಲಿ ಹಪ್ಪಳ ಮಾಡುವವರನ್ನು ಕೂಲಿಯವರು ಅಂತ ಕರೆಯುವುದಿಲ್ಲ, ಸಹೋದರಿಯರು ಅಂತಾರೆ. ಅವರೇ ಒಡತಿಯರು. ಲಾಭವೂ ಅವರದ್ದು, ನಷ್ಟವೂ ಅವರದ್ದು. ತೀರ್ಮಾನಗಳನ್ನು ಎಲ್ಲರ ಒಪ್ಪಿಗೆಯಿಂದ ಮಾಡುವುದು, ಒಬ್ಬ ಸಹೋದರಿಯ ಆಕ್ಷೇಪಣೆಗೂ ಬೆಲೆ ಕೊಡುವುದು ಅಲ್ಲಿಯ ಪದ್ಧತಿ. ಸಂಸ್ಥೆಯನ್ನು ನೋಡಿಕೊಳ್ಳುವ 21 ಜನರ ಸಮಿತಿಯೂ ಸಹೋದರಿಯರಿಂದಲೇ ಆಗಿದೆ.

ನಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆ ಇದೆ. 1950ರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸಗಾರರು ಬೀದಿಗೆ ಬಿದ್ದರು. ಕಾರ್ಮಿಕ ನಾಯಕ ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಅವರು ತಾವೇ ಸಹಕಾರ ಸಂಘ ಕಟ್ಟಿದರು. ಅಂಥ ಮೊದಲ ಸಂಘ 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಕಾಫಿ ತಂದುಕೊಡುವವರೇ ಅದರ ಸದಸ್ಯರು. ಇಂಡಿಯನ್ ಕಾಫಿ ಹೌಸ್ ಅಂತ ಅನೇಕ ಊರುಗಳಲ್ಲಿ ಬೆಳೆದದ್ದು ಹೀಗೆ.

ದೂರದ ಸ್ಪೇನ್ ದೇಶದ ಮೊಂಡ್ರಾಗಾನ್ ಎಂಬ ಊರಿಗೆ 1941ರಲ್ಲಿ ಹೊಸೆ ಮರಿಯಾ ಅರಿಸ್ಮೆಂದಿಯಾರಿಯೆತಾ ಎಂಬ ಯುವ ಗುರುಗಳು ಬಂದರು. ಯುದ್ಧದಿಂದ ಹಾಳಾದ ಬಡ ಊರು. ಗುರುಗಳು 1943ರಲ್ಲಿ ಹುಡುಗರಿಗೆ ಕಸುಬು ಕಲಿಸುವ ಶಾಲೆ ತೆರೆದರು. ಅಲ್ಲಿ ಕಲಿತ ಐವರು 1956ರಲ್ಲಿ ಸ್ಟೌ ಮಾಡುವ ಸಣ್ಣ ಕಾರ್ಖಾನೆ ಹಾಕಿದರು. ಕೆಲಸ ಮಾಡುವವರೇ ಮಾಲೀಕರು, ಮ್ಯಾನೇಜರಿಗೂ ಒಂದೇ ಓಟು, ಕಸ ಗುಡಿಸುವವರಿಗೂ ಒಂದೇ ಓಟು. ಇಂದು ಆ ಸಹಕಾರ ಕೂಟದಲ್ಲಿ ಸುಮಾರು 70 ಸಾವಿರ ಜನ ಕೆಲಸ ಮಾಡುತ್ತಾರೆ. ಅವರಿಗೂ ಸೋಲು ಬಂದಿದೆ. ಮೊದಲ ಕಾರ್ಖಾನೆಯಿಂದ ಬೆಳೆದ ಗೃಹೋಪಯೋಗಿ ವಸ್ತುಗಳ ಕಂಪನಿಯೇ 2013ರಲ್ಲಿ ಮುಳುಗಿತು. ಆದರೆ ಅಲ್ಲಿಯ ಬಹಳಷ್ಟು ಸದಸ್ಯರಿಗೆ ಉಳಿದ ಸಹಕಾರ ಸಂಘಗಳು ಕೆಲಸ ಕೊಟ್ಟವು. ಕೂಡಿ ತೀರ್ಮಾನಿಸಿದರೆ ನಷ್ಟವೇ ಬರುವುದಿಲ್ಲ ಅಂತಲ್ಲ. ನಷ್ಟ ಬಂದಾಗ ಒಬ್ಬರನ್ನೊಬ್ಬರು ಕೈಬಿಡುವುದಿಲ್ಲ.

ಕಾನೂನು ಏನು ಹೇಳುತ್ತದೆ?

ನಮ್ಮ ಸಂವಿಧಾನಕ್ಕೆ 1976ರ ತಿದ್ದುಪಡಿಯಲ್ಲಿ 43ಎ ಎಂಬ ವಿಧಿ ಸೇರಿತು. ಉದ್ದಿಮೆಗಳ ಆಡಳಿತದಲ್ಲಿ ಕೆಲಸಗಾರರು ಪಾಲ್ಗೊಳ್ಳುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಎಂಬುದು ಅದರ ಆಶಯ.

ನಮ್ಮಲ್ಲಿ ಗಾರ್ಮೆಂಟ್ಸ್‌ಗೆ, ಗೇರುಬೀಜದ ಕಾರ್ಖಾನೆಗೆ ಹೋಗುವ ಸಹೋದರಿಯರೂ ಇದ್ದೀರಿ. ನೀವು ಎರಡು ವಿಷಯ ತಿಳಿದಿರಬೇಕು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅದರಲ್ಲಿ ಮಾಲೀಕರ ಕಡೆಯವರೂ ಕೆಲಸಗಾರರ ಕಡೆಯವರೂ ಸಮಸಮ ಇರಬೇಕು, ಹೆಣ್ಣುಮಕ್ಕಳಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನ ಇರಬೇಕು. ಎರಡನೆಯದು, 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಅದಕ್ಕೆ ಮಹಿಳೆಯೇ ಅಧ್ಯಕ್ಷೆ, ಕನಿಷ್ಠ ಅರ್ಧದಷ್ಟು ಸದಸ್ಯರು ಮಹಿಳೆಯರೇ ಆಗಿರಬೇಕು. ನಿಮ್ಮ ಕಾರ್ಖಾನೆಯಲ್ಲಿ ಈ ಸಮಿತಿಗಳಲ್ಲಿ ಯಾರಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಿ. ಕೆಲವು ಕಡೆ ಹೆಸರು ಗೋಡೆಯ ಮೇಲೆ ಇರುತ್ತದೆ, ಆದರೆ ಆ ಹೆಸರಿನವರಿಗೇ ತಾವು ಸಮಿತಿಯಲ್ಲಿದ್ದೇವೆ ಅಂತ ಗೊತ್ತಿರುವುದಿಲ್ಲ.

ವಿಶ್ವಾಸದ ಬೆಳಕಿನಲ್ಲಿ

ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ ಆರನೇ ಅಧ್ಯಾಯದಲ್ಲಿ ಒಂದು ಘಟನೆ ಇದೆ. ಆದಿ ಸಭೆಯಲ್ಲಿ ದಿನವೂ ಬಡವರಿಗೆ ಆಹಾರ ಹಂಚುತ್ತಿದ್ದರು. ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಎದ್ದಿತು. ಪ್ರೇಷಿತರು ಅದಕ್ಕೆ ಸಿಟ್ಟು ಮಾಡಲಿಲ್ಲ. ತಾವೇ ಯಾರನ್ನೋ ನೇಮಿಸಿ ಕೈತೊಳೆಯಲೂ ಇಲ್ಲ. ಎಲ್ಲರನ್ನೂ ಕರೆದು, ಒಳ್ಳೆಯ ಹೆಸರಿನ ಏಳು ಜನರನ್ನು ನೀವೇ ಆರಿಸಿ ಎಂದರು. ಆರಿಸಿದ ಏಳೂ ಜನರ ಹೆಸರು ಗ್ರೀಕ್ ಹೆಸರುಗಳೇ. ಅಂದರೆ ಯಾರಿಗೆ ಅನ್ಯಾಯ ಆಗಿತ್ತೋ ಆ ಕಡೆಯವರ ಕೈಗೇ ಹಂಚುವ ಸೌಟು ಬಂತು ಎಂದು ಅನೇಕರು ಇದನ್ನು ಅರ್ಥ ಮಾಡುತ್ತಾರೆ. ಯಾವ ಧರ್ಮದವರಾದರೂ ಇದರಿಂದ ಕಲಿಯುವುದು ಇದೆ.

ಪೋಪ್ 23ನೇ ಜಾನ್ 1961ರ ತಮ್ಮ ವಿಶ್ವಪತ್ರದಲ್ಲಿ, ಕೆಲಸಗಾರರಿಗೆ ತಾವು ದುಡಿಯುವ ಉದ್ದಿಮೆಯ ವ್ಯವಹಾರದಲ್ಲಿ ಮಾತಿರಬೇಕು ಎಂದು ಬೋಧಿಸಿದರು. ಪೋಪ್ ಎರಡನೇ ಜಾನ್ ಪಾಲ್ 1981ರಲ್ಲಿ ದುಡಿಮೆಯ ಬಗ್ಗೆ ಬರೆದ ವಿಶ್ವಪತ್ರದಲ್ಲಿ, ಬಂಡವಾಳಕ್ಕಿಂತ ದುಡಿಯುವ ಮನುಷ್ಯ ಮೊದಲು ಎಂಬುದನ್ನು ಒತ್ತಿ ಹೇಳಿದರು.

ನಮ್ಮ ಘಟಕದಲ್ಲಿ ಹೇಗೆ ಮಾಡೋಣ?

1. ವಾರಕ್ಕೊಮ್ಮೆ ಅರ್ಧ ಗಂಟೆ: ಕೆಲಸ ನಡೆಯುವ ಜಾಗದಲ್ಲೇ, ಕೆಲಸದ ಹೊತ್ತಿನಲ್ಲೇ ಸಭೆ ಮಾಡಿ. ಸಂಜೆ ಮನೆಗೆ ಓಡುವ ಅವಸರದಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಆ ಅರ್ಧ ಗಂಟೆಗೆ ಯಾರ ಕೂಲಿಯೂ ಕಡಿಯಬೇಡಿ.

2. ವೃತ್ತಾಕಾರದಲ್ಲಿ ಕೂರಿ: ಪ್ರತಿನಿಧಿಗಳಿಗೆ ಕುರ್ಚಿ, ಉಳಿದವರಿಗೆ ನೆಲ ಬೇಡ. ಕೂತರೆ ಎಲ್ಲರೂ ಚಾಪೆಯ ಮೇಲೆ.

3. ಸುತ್ತು ಮಾತು: ಒಬ್ಬೊಬ್ಬರಾಗಿ ಎಲ್ಲರೂ ಒಂದು ಮಾತಾದರೂ ಹೇಳಲಿ. ಹೊಸಬರು, ಹೊರಗಿನವರು ಮೊದಲು ಹೇಳಲಿ. ಪ್ರತಿನಿಧಿಗಳು ಕೊನೆಗೆ. ಪ್ರತಿನಿಧಿ ಮೊದಲೇ ಹೇಳಿಬಿಟ್ಟರೆ ಉಳಿದವರು, "ಅಕ್ಕ ಹೇಳಿದ ಹಾಗೇ ಆಗ್ಲಿ" ಅಂತ ಮುಗಿಸಿಬಿಡುತ್ತಾರೆ.

4. ಓದಲು ಬಾರದವರನ್ನು ಬಿಡಬೇಡಿ: ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳಿ. ಎರಡು ಆಯ್ಕೆ ಇದ್ದರೆ ಎರಡು ಪಾತ್ರೆ ಇಟ್ಟು, ಒಬ್ಬೊಬ್ಬರಿಗೆ ಒಂದೊಂದು ಹುಣಸೆ ಬೀಜ ಕೊಟ್ಟು ಹಾಕಲು ಹೇಳಿ. ಪಾತ್ರೆಗಳನ್ನು ಪರದೆ ಹಿಂದೆ ಇಟ್ಟರೆ ಹೆದರಿಕೆಯೂ ಇರುವುದಿಲ್ಲ.

5. ಬರೆದಿಡಿ: ಏನು ತೀರ್ಮಾನ, ಯಾರು ಮಾಡಬೇಕು, ಯಾವ ದಿನದೊಳಗೆ ಅಂತ ಠರಾವು ಪುಸ್ತಕದಲ್ಲಿ ಬರೆದು ಓದಿ ಹೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು. ಖಾಲಿ ಹಾಳೆಗೆ ಸಹಿ ಮಾಡಿಸಬೇಡಿ, ಮಾಡಲೂ ಬೇಡಿ.

6. ಉತ್ತರ ಕೊಡಿ: ಒಬ್ಬರು ಸಲಹೆ ಕೊಟ್ಟು ಅದು ಆಗದಿದ್ದರೆ, ಯಾಕೆ ಆಗಲಿಲ್ಲ ಅಂತ ಮುಂದಿನ ವಾರ ಹೇಳಿ. ಎರಡು ಸಲ ಉತ್ತರ ಸಿಗದಿದ್ದರೆ ಮೂರನೇ ಸಲ ಆಕೆ ಬಾಯಿ ತೆರೆಯುವುದಿಲ್ಲ.

ಎಡವುವ ಜಾಗಗಳು

ಕೇಳುವ ನಾಟಕ ಮಾಡಬೇಡಿ. ಮೊದಲೇ ಮುಂಗಡ ಕೊಟ್ಟು ಬಂದು, "ಯಾವ ಮಷಿನ್ ತರೋಣ?" ಅಂತ ಕೇಳುವುದು ಕೇಳದೇ ಇರುವುದಕ್ಕಿಂತ ಕೆಟ್ಟದ್ದು.

ಜೋರು ಬಾಯಿಯವರ ಮಾತೇ ಎಲ್ಲರ ಮಾತು ಅಂತ ತಿಳಿಯಬೇಡಿ. ಸುಮ್ಮನಿರುವುದು ಒಪ್ಪಿಗೆ ಅಲ್ಲ. ಹೆದರಿಕೆಯೂ ಇರಬಹುದು, ಸಾಲ ತೀರಿಸದ ಮುಜುಗರವೂ ಇರಬಹುದು. ಜಾತಿಯ ಕಾರಣದಿಂದ ದೂರ ಕೂತವರೂ ಇರಬಹುದು. ಅಂಥವರ ಪಕ್ಕ ಹೋಗಿ ಕೂರಿ.

ತೀರ್ಮಾನಕ್ಕೆ ಕರೆದು ಲಾಭಕ್ಕೆ ಮರೆಯಬೇಡಿ. ನಷ್ಟದ ಜವಾಬ್ದಾರಿ ಎಲ್ಲರದ್ದು, ಲಾಭ ಮಾತ್ರ ಸದಸ್ಯೆಯರದ್ದು ಅಂದರೆ ಯಾರು ಒಪ್ಪುತ್ತಾರೆ? ಹೊರಗಿನಿಂದ ಬಂದು ವರ್ಷಗಟ್ಟಲೆ ದುಡಿದವರನ್ನು ಸಂಘಕ್ಕೆ ಸೇರಿಸಿಕೊಳ್ಳಲು ಆಗುತ್ತದಾ ಎಂದು ಯೋಚಿಸಿ. ಆಗದಿದ್ದರೆ ಹಬ್ಬಕ್ಕೆ ಬೋನಸ್ ಆದರೂ ಇರಲಿ, ಅದೂ ಮೊದಲೇ ಮಾತಾಡಿ ಬರೆದದ್ದಾಗಿರಲಿ.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಆರು ತಿಂಗಳಲ್ಲಿ ನಮ್ಮ ಘಟಕದಲ್ಲಿ ಆದ ಮೂರು ದೊಡ್ಡ ತೀರ್ಮಾನ ಯಾವುವು? ಪ್ರತಿಯೊಂದರಲ್ಲಿ ಎಷ್ಟು ಜನ ಮಾತಾಡಿದ್ದರು?

2. ನಮ್ಮಲ್ಲಿ ಸಭೆಗೆ ಬಂದೂ ಬಾಯಿ ತೆರೆಯದವರು ಯಾರು? ಯಾಕೆ ಇರಬಹುದು?

3. ನಾವು ಕೂಲಿಗೆ ಹೋಗುವ ಕಡೆ ನಮ್ಮನ್ನು ಕೇಳದೆ ಮಾಡಿದ ಯಾವ ತೀರ್ಮಾನ ನಮಗೆ ನೋವು ಕೊಟ್ಟಿತು? ಅಂಥದ್ದನ್ನೇ ನಾವು ಇನ್ನೊಬ್ಬರಿಗೆ ಮಾಡಿದ್ದೇವಾ?

ಈ ತಿಂಗಳ ಕೆಲಸ

ಮುಂದಿನ ಸಭೆಗೆ ಮೊದಲು, ಘಟಕದಲ್ಲಿ ಎಲ್ಲರಿಗಿಂತ ಕಡಿಮೆ ಕೂಲಿ ಪಡೆಯುವ ಸಹೋದರಿಯ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ: "ಇಲ್ಲಿ ಒಂದು ವಿಷಯ ಬದಲು ಮಾಡಬೇಕು ಅಂದರೆ ನೀವು ಯಾವುದನ್ನು ಮಾಡ್ತೀರಿ?" ಆಕೆ ಹೇಳಿದ್ದನ್ನು ಹಾಗೆಯೇ ಬರೆದು ತಂದು ಸಭೆಯಲ್ಲಿ ಓದಿ. ನಡುವೆ ಯಾರೂ ಬಾಯಿ ಹಾಕಬಾರದು.

ನಾವೂ ಒಂದು ತೀರ್ಮಾನ ಮಾಡಿದ್ದೇವೆ. ಇನ್ನು ಮುಂದೆ ಮಷಿನ್‌ಗೆ, ಸಾಲಕ್ಕೆ ಯಾವ ಸಂಘ ಅರ್ಜಿ ತಂದರೂ, ಘಟಕದಲ್ಲಿ ದುಡಿಯುವವರೆಲ್ಲರ ಜೊತೆ ಕೂತು ಮಾತಾಡದೆ ಅದಕ್ಕೆ ಶಿಫಾರಸು ಬರೆಯುವುದಿಲ್ಲ. ನಾವು ಮರೆತರೆ ನೀವು ನೆನಪು ಮಾಡಿ.